ಒಂದು ಹೆಸರನ್ನು ನಿರ್ಬಂಧದ ಪಟ್ಟಿಗೆ ಸೇರಿಸುವ ಕೆಲಸ

ಅಮೆರಿಕದ ಜಾಗತಿಕ ಮ್ಯಾಗ್ನಿಟ್ಸ್ಕಿ ಕಾಯ್ದೆಯಲ್ಲಿ ಮೊದಲ ಓದಿಗೆ ಕಣ್ಣಿಗೆ ಬೀಳದಂಥ ಒಂದು ಉಪಬಂಧವಿದೆ. ಯಾವ ವಿದೇಶಿ ವ್ಯಕ್ತಿಯ ಮೇಲೆ ನಿರ್ಬಂಧ ಹೇರಬೇಕೆಂದು ತೀರ್ಮಾನಿಸುವಾಗ ಅಧ್ಯಕ್ಷರು ಇತರ ದೇಶಗಳಿಂದ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಮೇಲೆ ಕಣ್ಣಿಟ್ಟಿರುವ ಸರ್ಕಾರೇತರ ಸಂಸ್ಥೆಗಳಿಂದ ಬಂದ ವಿಶ್ವಾಸಾರ್ಹ ಮಾಹಿತಿಯನ್ನು ಪರಿಗಣಿಸತಕ್ಕದ್ದು ಎಂದು ಅದು ಹೇಳುತ್ತದೆ. ಚುನಾಯಿತರಲ್ಲದ, ಯಾವ ಅಧಿಕಾರವೂ ಇಲ್ಲದ ನಮ್ಮಂಥವರಿಗೆ ಒಂದು ಮಹಾಶಕ್ತಿಯ ವಿದೇಶಾಂಗ ನೀತಿಯೊಳಗೆ ತಲೆ ಹಾಕಲು ಇರುವ ಬಾಗಿಲು ಇದೊಂದೇ. ಮ್ಯಾನ್ಮಾರ್‌ನ ಸೇನಾಡಳಿತದ ವಿರುದ್ಧ ಆ ಬಾಗಿಲನ್ನು ತಟ್ಟುವ ಕೆಲಸದಲ್ಲಿ ನಾನು 2021ರ ಕೊನೆಯಿಂದ ತೊಡಗಿದ್ದೇನೆ. ಧಾರವಾಡದಲ್ಲಿ ಕಾನೂನು ಓದಿ, ಮುಂದಿನ ಓದಿಗೆಂದು ವಾಷಿಂಗ್ಟನ್‌ಗೆ ಬಂದು, ಇಲ್ಲಿಯ ಒಂದು ಸಣ್ಣ ಮಾನವ ಹಕ್ಕು ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತ ನನಗೆ ಮೊದಲು ವಹಿಸಿದ ಕಡತವೇ ಅದು.

ಕಾಯ್ದೆಯ ಹಿನ್ನೆಲೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸೆರ್ಗೆಯ್ ಮ್ಯಾಗ್ನಿಟ್ಸ್ಕಿ ಮಾಸ್ಕೋದ ತೆರಿಗೆ ಸಲಹೆಗಾರ. ಅಧಿಕಾರಿಗಳೇ ಕೈಜೋಡಿಸಿ ಸರ್ಕಾರದ ಬೊಕ್ಕಸದಿಂದ 23 ಕೋಟಿ ಡಾಲರ್ ತೆರಿಗೆ ಮರುಪಾವತಿಯನ್ನು ಲಪಟಾಯಿಸಿದ್ದಾರೆಂದು ಆತ ಬಯಲಿಗೆಳೆದ. ಅದಾದ ಮೇಲೆ 2008ರಲ್ಲಿ ಬಂಧಿತನಾಗಿ, 2009ರ ನವೆಂಬರ್ 16ರಂದು, ತನ್ನ 37ನೆಯ ವಯಸ್ಸಿನಲ್ಲಿ ಸೆರೆಮನೆಯಲ್ಲೇ ಸತ್ತ. ಆತ ಯಾರಿಗಾಗಿ ಕೆಲಸ ಮಾಡುತ್ತಿದ್ದನೋ ಆ ಹೂಡಿಕೆದಾರ ಬಿಲ್ ಬ್ರೌಡರ್ ಪಟ್ಟು ಬಿಡದೆ ಹಿಂದೆ ಬಿದ್ದುದರಿಂದ, ಸೆನೆಟರ್‌ಗಳಾದ ಬೆನ್ ಕಾರ್ಡಿನ್ ಮತ್ತು ಜಾನ್ ಮೆಕೇನ್ ಕೈಗೂಡಿಸಿದ್ದರಿಂದ 2012ರಲ್ಲಿ ರಷ್ಯಾಕ್ಕೆ ಸೀಮಿತವಾದ ಕಾಯ್ದೆ ಬಂತು. 2016ರ ಡಿಸೆಂಬರ್‌ನಲ್ಲಿ ಅದೇ ತತ್ತ್ವವನ್ನು ಇಡೀ ಜಗತ್ತಿಗೆ ವಿಸ್ತರಿಸಿದ ಕಾಯ್ದೆ ಬಂತು. ಅದರ ತತ್ತ್ವ ಸರಳವಾದುದು. ಇಡೀ ದೇಶವನ್ನು ದಂಡಿಸದೆ, ಚಿತ್ರಹಿಂಸೆ ಕೊಟ್ಟವನ, ಕೊಲೆಗೆ ಆದೇಶಿಸಿದವನ, ಲೂಟಿ ಹೊಡೆದವನ ಹೆಸರನ್ನೇ ಹಿಡಿದು ಅವನ ಆಸ್ತಿಯನ್ನು ಸ್ತಂಭನಗೊಳಿಸುವುದು ಮತ್ತು ವೀಸಾ ನಿರಾಕರಿಸುವುದು.

ಈ ಬದಲಾವಣೆಯ ಅರ್ಥ ಮ್ಯಾನ್ಮಾರ್ ವಿಷಯದಲ್ಲಿ ಆದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಆಗದು. 2003ರಲ್ಲಿ ಅಮೆರಿಕ ಆ ದೇಶದ ಎಲ್ಲ ಆಮದನ್ನೂ ನಿಷೇಧಿಸಿದಾಗ ಸೇನಾಧಿಕಾರಿಗಳ ಊಟದ ತಟ್ಟೆಗೆ ಏನೂ ಆಗಲಿಲ್ಲ, ಯಾಂಗೋನ್‌ನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹತ್ತಾರು ಸಾವಿರ ಹೆಣ್ಣುಮಕ್ಕಳು ಮನೆಗೆ ಹೋದರು. 2016ರಲ್ಲಿ ಒಬಾಮಾ ಆ ಹಳೆಯ ನಿರ್ಬಂಧಗಳನ್ನು ಕಿತ್ತುಹಾಕಿದರು. ಮರುವರ್ಷ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಬೇಕಾಯಿತು. 2017ರ ಡಿಸೆಂಬರ್‌ನಲ್ಲಿ ಜಾಗತಿಕ ಕಾಯ್ದೆಯಡಿ ಹೊರಬಂದ ಮೊದಲ 13 ಹೆಸರುಗಳಲ್ಲಿ, ಗಾಂಬಿಯಾದ ಮಾಜಿ ಅಧ್ಯಕ್ಷ ಯಾಹ್ಯಾ ಜಮ್ಮೆಯ ಜೊತೆಗೆ, ರೋಹಿಂಗ್ಯಾಗಳನ್ನು ಓಡಿಸಿದ ರಖೈನ್ ರಾಜ್ಯದ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಮಾಂಗ್ ಮಾಂಗ್ ಸೋ ಹೆಸರೂ ಇತ್ತು. 2019ರ ಡಿಸೆಂಬರ್ 10ರಂದು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಮತ್ತು ಉಪಮುಖ್ಯಸ್ಥ ಸೋ ವಿನ್ ಕೂಡ ಪಟ್ಟಿಗೆ ಸೇರಿದರು. ಅದೇ ಮಿನ್ ಆಂಗ್ ಹ್ಲೈಂಗ್ 2021ರ ಫೆಬ್ರವರಿ 1ರಂದು ಚುನಾಯಿತ ಸರ್ಕಾರವನ್ನು ಉರುಳಿಸಿದರು. ಪಟ್ಟಿಯಲ್ಲಿ ಹೆಸರಿರುವುದು ಅವರ ಕೈ ಕಟ್ಟಲಿಲ್ಲ ಎಂಬ ಈ ಸಂಗತಿಯನ್ನು, ಈ ಕೆಲಸ ಮಾಡುವವರು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ನನ್ನ ಮೊದಲ ಕಡತ ಚಿನ್ ರಾಜ್ಯದ್ದು. 2021ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಸೇನೆ ಗುಡ್ಡದ ಮೇಲಿನ ತಾಂತ್‌ಲಾಂಗ್ ಪಟ್ಟಣಕ್ಕೆ ಫಿರಂಗಿ ಹೊಡೆದು, ಮನೆಗಳಿಗೆ ಬೆಂಕಿ ಇಟ್ಟು, ಊರಿಗೆ ಊರೇ ಖಾಲಿಯಾಗುವಂತೆ ಮಾಡಿತ್ತು. ಅಕ್ಟೋಬರ್ ಕೊನೆಯ ಒಂದೇ ದಿನದಲ್ಲಿ ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಅಲ್ಲಿಂದ ಓಡಿದವರಲ್ಲಿ ಬಹಳ ಜನ ಗಡಿ ದಾಟಿ ಮಿಜೋರಾಂ ಸೇರಿದರು. ದೆಹಲಿ ಗಡಿ ಮುಚ್ಚಿ ಎಂದರೂ ಮಿಜೋ ಜನ, ಇವರು ನಮ್ಮ ರಕ್ತ ಸಂಬಂಧಿಗಳು ಎಂದು, ಚರ್ಚುಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಇರಿಸಿಕೊಂಡರು. ನಾನು ಮಾತನಾಡಿದ ಸಾಕ್ಷಿಗಳೆಲ್ಲ ಚಂಫಾಯ್ ಜಿಲ್ಲೆಯಲ್ಲಿದ್ದರು. ನಾನು ಇಲ್ಲಿ ರಾತ್ರಿ ಎದ್ದು ಕೂರಬೇಕು, ಅಲ್ಲಿ ಬೆಳಿಗ್ಗೆ ದುಭಾಷಿ ಒಬ್ಬರು ಅವರ ಪಕ್ಕದಲ್ಲಿ ಫೋನ್ ಹಿಡಿದು ಕೂರಬೇಕು, ನಡುವೆ ಸಿಗ್ನಲ್ ಹೋಗಬಾರದು. ಇಷ್ಟು ಕೂಡಿಬಂದಾಗ ಒಂದು ಹೇಳಿಕೆ ಸಿಗುತ್ತಿತ್ತು.

ಹೇಳಿಕೆ ತೆಗೆದುಕೊಳ್ಳುವುದಕ್ಕಿಂತ ಒಪ್ಪಿಗೆ ತೆಗೆದುಕೊಳ್ಳುವುದೇ ಕಷ್ಟದ ಭಾಗ. ಈ ಹೇಳಿಕೆ ಎಲ್ಲಿಗೆ ಹೋಗುತ್ತದೆ, ಯಾರು ಓದುತ್ತಾರೆ, ಹೆಸರು ಮುಚ್ಚಿಟ್ಟರೂ ಊರು, ತಾರೀಖು, ಮನೆ ಇದ್ದ ಬೀದಿ ಇವುಗಳಿಂದಲೇ ನಿಮ್ಮನ್ನು ಗುರುತಿಸಬಹುದು ಎಂಬುದನ್ನೆಲ್ಲ ಬಿಡಿಸಿ ಹೇಳಬೇಕು. ಹಾಗೆ ಹೇಳಿದ ಮೇಲೆ ಕೆಲವರು ಹಿಂದೆ ಸರಿದರು. ಸರಿಯಲು ಅವರಿಗೆ ಪೂರ್ತಿ ಹಕ್ಕಿತ್ತು. ಒಬ್ಬ ಶಾಲಾ ಮಾಸ್ತರರು ಮಾತ್ರ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ದುಭಾಷಿಯ ಮೂಲಕ ಮರುಪ್ರಶ್ನೆ ಹಾಕಿದರು. ನೀವು ಹೇಳುವ ಆ ಅಧಿಕಾರಿಯ ಹಣ ಅಮೆರಿಕದಲ್ಲಿ ಇದೆಯೇ? ಇಲ್ಲ ಅನ್ನಿಸುತ್ತದೆ ಎಂದೆ. ಅವರು ಅಮೆರಿಕಕ್ಕೆ ಪ್ರವಾಸ ಬರುವವರೇ? ಅದೂ ಇಲ್ಲ. ಹಾಗಾದರೆ ಯಾವುದನ್ನು ತಡೆಯುತ್ತೀರಿ ಎಂದರು. ಹೆಸರು ಬಯಲಾಗುವುದಕ್ಕೂ ಬೆಲೆಯಿದೆ, ಮುಂದೆ ನ್ಯಾಯಾಲಯದಲ್ಲಿ ದಾಖಲೆಯಾಗಿ ಉಳಿಯುತ್ತದೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ಅವರು ಸಹಿ ಹಾಕಿದರು. ಆದರೆ ಆ ಪ್ರಶ್ನೆ ಮುಂದಿನ ಎರಡು ವರ್ಷ ನಮ್ಮ ಸಂಸ್ಥೆಯ ಕೆಲಸದ ದಿಕ್ಕನ್ನು ಬದಲಿಸಿತು ಎನ್ನಬಹುದು.

ಕಡತದ ರಚನೆ ಹೀಗಿರುತ್ತದೆ. ಮೊದಲಿಗೆ ವ್ಯಕ್ತಿಯ ಗುರುತು: ಬರ್ಮಾ ಲಿಪಿಯಲ್ಲಿ ಹೆಸರು, ರೋಮನ್ ಲಿಪಿಯಲ್ಲಿ ಅದರ ಎಲ್ಲ ಬರಹರೂಪಗಳು, ಹುಟ್ಟಿದ ದಿನ, ಸೇನಾ ಕ್ರಮಾಂಕ, ಯಾವ ಅವಧಿಯಲ್ಲಿ ಯಾವ ಹುದ್ದೆ. ಇದು ಗುಮಾಸ್ತರ ಕೆಲಸವೆಂದು ತೋರಬಹುದು. ಆದರೆ ಮನೆತನದ ಹೆಸರಿನ ಪದ್ಧತಿಯೇ ಇಲ್ಲದ, ಒಂದೇ ಹೆಸರಿನ ನೂರಾರು ಜನರಿರುವ, ಬಿರುದುಗಳು ಹೆಸರಿನ ಭಾಗದಂತೆ ಅಂಟಿಕೊಳ್ಳುವ ದೇಶದಲ್ಲಿ, ಹುಟ್ಟಿದ ದಿನವಿಲ್ಲದ ಹೆಸರೊಂದು ಪಟ್ಟಿಗೆ ಹೋದರೆ ಅದೇ ಹೆಸರಿನ ಯಾವುದೋ ಬಡಪಾಯಿ ವ್ಯಾಪಾರಿಯ ಖಾತೆ ಸಿಂಗಪುರದಲ್ಲಿ ಸ್ತಬ್ಧವಾಗುತ್ತದೆ. ಎರಡನೆಯದು ಕಾನೂನಿನ ಅಂಶ. ಮೂಲ ಕಾಯ್ದೆಯ ಪ್ರಕಾರ ಬಲಿಪಶು ಸರ್ಕಾರದ ಅಕ್ರಮವನ್ನು ಬಯಲಿಗೆಳೆದವನೋ ಹಕ್ಕುಗಳಿಗಾಗಿ ಹೋರಾಡಿದವನೋ ಆಗಿರಬೇಕಿತ್ತು. 2017ರ 13818ನೆಯ ಅಧ್ಯಕ್ಷೀಯ ಆದೇಶ ಆ ಕಟ್ಟನ್ನು ಸಡಿಲಿಸಿ, ಗಂಭೀರವಾದ ಮಾನವ ಹಕ್ಕು ದೌರ್ಜನ್ಯಕ್ಕೆ ನೇರವಾಗಿ ಇಲ್ಲವೇ ಪರೋಕ್ಷವಾಗಿ ಕಾರಣರಾದ ಯಾವ ವಿದೇಶಿಯನ್ನಾದರೂ, ದೌರ್ಜನ್ಯ ನಡೆಸಿದ ಘಟಕದ ನಾಯಕನನ್ನೂ, ಅವರಿಗೆ ಸರಕು ಸೇವೆ ಒದಗಿಸಿದವರನ್ನೂ ಒಳಗೆ ತಂದಿತು. ಬೆಂಕಿ ಹಚ್ಚಿದ ಸಿಪಾಯಿ ಯಾರೆಂದು ಗೊತ್ತಿಲ್ಲದಿದ್ದರೂ ಆ ದಿನ ಆ ಗುಡ್ಡದ ಮೇಲಿದ್ದ ಪಡೆ ಯಾವುದು, ಅದು ಯಾರ ಅಧೀನದಲ್ಲಿತ್ತು ಎಂಬುದು ಸಾಕಾಗುತ್ತದೆ. ಉಪಗ್ರಹ ಚಿತ್ರಗಳು, ಸೇನೆಯೇ ಪ್ರಕಟಿಸಿದ ವರ್ಗಾವಣೆಯ ಸುದ್ದಿಗಳು, ಸಾಕ್ಷಿಗಳ ಮಾತು, ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವುದೇ ನಮ್ಮ ತಿಂಗಳುಗಳನ್ನು ನುಂಗಿತು.

ಮೂರನೆಯ ಭಾಗದಲ್ಲಿ ನನಗೆ ಮುಜುಗರವಾಗುತ್ತಿತ್ತು, ಈಗಲೂ ಆಗುತ್ತದೆ. ಈ ವ್ಯಕ್ತಿಯನ್ನು ನಿರ್ಬಂಧಿಸುವುದು ಅಮೆರಿಕದ ಹಿತಕ್ಕೆ ಹೇಗೆ ಪೂರಕ ಎಂದು ಎರಡು ಪುಟ ಬರೆಯಬೇಕು. ಕಾಯ್ದೆ ಹಾಗೆಂದು ಕೇಳುವುದಿಲ್ಲ. ಆದರೆ ನಿರ್ಬಂಧಿಸುವುದೂ ಬಿಡುವುದೂ ಸರ್ಕಾರದ ವಿವೇಚನೆಗೆ ಬಿಟ್ಟದ್ದಾದ್ದರಿಂದ, ಅಪರಾಧ ಎಷ್ಟು ಘೋರವಾದರೂ ಆ ಎರಡು ಪುಟ ಗಟ್ಟಿಯಾಗಿಲ್ಲದಿದ್ದರೆ ಕಡತ ಮೇಲಕ್ಕೆ ಏಳುವುದಿಲ್ಲ ಎಂಬುದನ್ನು ಈ ಊರಿನಲ್ಲಿ ಎಲ್ಲರೂ ಬಲ್ಲರು. ಸುಟ್ಟ ಮನೆಯ ಯಜಮಾನನ ಮಾತಿನ ಕೆಳಗೇ ವಾಷಿಂಗ್ಟನ್‌ನ ಲಾಭ ನಷ್ಟದ ಲೆಕ್ಕ ಬರೆಯುವಾಗ ಪೆನ್ನು ಭಾರವಾಗುತ್ತದೆ. ಯಾವ ಮಿತ್ರರಾಷ್ಟ್ರದ ಅಧಿಕಾರಿಗಳ ಮೇಲೆ ಎಂಥ ಸಾಕ್ಷ್ಯ ಕೊಟ್ಟರೂ ಅದು ಕಪಾಟಿನಲ್ಲಿ ಕೂರುತ್ತದೆ, ಯಾರ ಮೇಲೆ ಕೊಟ್ಟರೆ ಬೇಗ ಓಡುತ್ತದೆ ಎಂಬ ಅಂದಾಜು ಇಲ್ಲಿಯ ಪ್ರತಿಯೊಬ್ಬ ವಕೀಲರಿಗೂ ಇರುತ್ತದೆ. ಈ ಕಾಯ್ದೆಯನ್ನು ನ್ಯಾಯದ ತಕ್ಕಡಿ ಎಂದು ಕರೆಯುವವರ ಮಾತನ್ನು ನಾನು ಒಪ್ಪಲಾರೆ.

ಕಡತವನ್ನು ವಿದೇಶಾಂಗ ಇಲಾಖೆಗೂ ಖಜಾನೆ ಇಲಾಖೆಗೂ ಕಳಿಸಬೇಕು. ಹ್ಯೂಮನ್ ರೈಟ್ಸ್ ಫಸ್ಟ್ ಎಂಬ ಸಂಸ್ಥೆ ಹಲವು ದೇಶಗಳ ಸಂಘಟನೆಗಳ ಕಡತಗಳನ್ನು ಒಗ್ಗೂಡಿಸಿ, ನಮ್ಮಂಥ ಸಣ್ಣವರಿಗೆ ನಮೂನೆ, ತಿದ್ದುಪಡಿ, ಸಲಹೆ ಕೊಟ್ಟು ಈ ಹಾದಿಯನ್ನು ಸುಗಮಗೊಳಿಸಿದೆ. ಕಳಿಸಿದ ಮೇಲೆ ಮೌನ. ಅಧಿಕಾರಿಗಳು ಸಭೆಗೆ ಕರೆಯುತ್ತಾರೆ, ಸೌಜನ್ಯದಿಂದ ಕೇಳಿಸಿಕೊಳ್ಳುತ್ತಾರೆ, ಚುರುಕಾದ ಪ್ರಶ್ನೆಗಳನ್ನೂ ಹಾಕುತ್ತಾರೆ. ಆದರೆ ಹೆಸರು ಪರಿಶೀಲನೆಯಲ್ಲಿದೆಯೇ ಎಂಬುದಕ್ಕೆ ಹೌದು ಎನ್ನುವುದಿಲ್ಲ, ಇಲ್ಲವೆನ್ನುವುದಿಲ್ಲ. ಸುಳಿವು ಸಿಕ್ಕರೆ ಆಸ್ತಿ ಬೇರೆಡೆ ಸಾಗುತ್ತದೆ ಎಂಬುದು ಅದಕ್ಕೆ ಕಾರಣ. ಅದು ಸರಿಯಾದ ಕಾರಣವೇ. ಸಂಸತ್ತಿನ ಕಡೆಯಿಂದ ಒಂದು ಅಡ್ಡದಾರಿಯಿದೆ: ಸಂಬಂಧಪಟ್ಟ ಸಮಿತಿಯ ಅಧ್ಯಕ್ಷರೂ ವಿರೋಧ ಪಕ್ಷದ ಹಿರಿಯ ಸದಸ್ಯರೂ ಜೊತೆಯಾಗಿ ಪತ್ರ ಬರೆದರೆ, 120 ದಿನಗಳೊಳಗೆ ಅಧ್ಯಕ್ಷರು ಆ ವ್ಯಕ್ತಿಯ ಬಗ್ಗೆ ತೀರ್ಮಾನಿಸಿ ವರದಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಎರಡೂ ಪಕ್ಷಗಳ ಸಹಿ ಒಂದೇ ಕಾಗದದ ಮೇಲೆ ಬೀಳುವ ವಿಷಯಗಳು ಈಗ ಇಲ್ಲಿ ಬಹಳ ಉಳಿದಿಲ್ಲ, ಮ್ಯಾನ್ಮಾರ್ ಅವುಗಳಲ್ಲಿ ಒಂದಾಗಿತ್ತು.

ಅಷ್ಟರಲ್ಲಿ 2021ರ ಸೇನಾ ದಂಗೆಯ ನಂತರ ಬಂದ 14014ನೆಯ ಅಧ್ಯಕ್ಷೀಯ ಆದೇಶ ಮ್ಯಾನ್ಮಾರ್‌ಗೆ ಪ್ರತ್ಯೇಕ ಚೌಕಟ್ಟನ್ನು ಕಲ್ಪಿಸಿತ್ತು. ಅದರ ಬಲ ಬೇರೆಯದೇ. ದಂಗೆಯಾದ ಕೆಲವೇ ದಿನಗಳಲ್ಲಿ ಸೇನಾಡಳಿತ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಸುಮಾರು 100 ಕೋಟಿ ಡಾಲರ್ ಮೀಸಲನ್ನು ಎತ್ತಿಕೊಳ್ಳಲು ಹೋಗಿ, ಅಮೆರಿಕ ಅದನ್ನು ತಡೆದಿತ್ತು. 2021ರ ಮಾರ್ಚ್‌ನಲ್ಲಿ ಸೇನೆಯ ಎರಡು ಬೃಹತ್ ವ್ಯಾಪಾರ ಸಂಸ್ಥೆಗಳು ಪಟ್ಟಿಗೆ ಬಂದವು, ಪಟ್ಟಿಯಲ್ಲಿರುವವರು ಶೇ. 50 ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿರುವ ಕಂಪನಿಗಳೂ ತಾವಾಗಿಯೇ ಸ್ತಂಭನಕ್ಕೆ ಒಳಗಾಗುತ್ತವೆ ಎಂಬ ನಿಯಮದಿಂದಾಗಿ ಬಿಯರ್, ಬ್ಯಾಂಕು, ರತ್ನ, ಬಂದರು ಎಲ್ಲಕ್ಕೂ ಬಿಸಿ ತಟ್ಟಿತು. ಮಾಸ್ತರರ ಪ್ರಶ್ನೆಗೆ ಉತ್ತರ ಈ ದಿಕ್ಕಿನಲ್ಲಿತ್ತು. ಅಧಿಕಾರಿಗೆ ಅಮೆರಿಕದಲ್ಲಿ ಖಾತೆ ಇಲ್ಲದಿರಬಹುದು, ಅವನು ಕೊಳ್ಳುವ ಸರಕಿಗೆ ಡಾಲರ್ ಬೇಕು, ಹಡಗು ಬೇಕು, ಹಡಗಿಗೆ ವಿಮೆ ಬೇಕು.

2022ರ ನಂತರ ಸೇನೆ ನೆಲದ ಮೇಲೆ ಸೋಲುತ್ತಾ ಹೋದಂತೆ ಆಕಾಶದಿಂದ ಬಾಂಬ್ ಹಾಕುವುದು ಹೆಚ್ಚಿತು. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತ್ಯದ ಪಾಜಿಗ್ಯಿ ಎಂಬ ಹಳ್ಳಿಯಲ್ಲಿ ಜನ ಒಂದು ಕಚೇರಿಯ ಪ್ರಾರಂಭಕ್ಕೆಂದು ಸೇರಿದ್ದಾಗ ನಡೆದ ದಾಳಿಯಲ್ಲಿ 160ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಇಂಥ ದಾಳಿಗಳ ವಿಮಾನಗಳನ್ನು ಹಾರಿಸಿದವರ ಹೆಸರು ಹುಡುಕುವುದರ ಜೊತೆಗೆ ಅವುಗಳಿಗೆ ಇಂಧನ ಎಲ್ಲಿಂದ ಬರುತ್ತದೆ ಎಂದು ಹುಡುಕುವ ಗುಂಪಿನಲ್ಲಿ ನಾವೂ ಸೇರಿಕೊಂಡೆವು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2022ರ ನವೆಂಬರ್‌ನಲ್ಲೇ ಈ ಸರಪಳಿಯನ್ನು ವಿವರವಾಗಿ ಪ್ರಕಟಿಸಿತ್ತು. ಮ್ಯಾನ್ಮಾರ್ ತನಗೆ ಬೇಕಾದ ವಿಮಾನ ಇಂಧನವನ್ನು ಆಮದು ಮಾಡಿಕೊಳ್ಳುತ್ತದೆ. ಅದು ಟ್ಯಾಂಕರ್ ಹಡಗಿನಲ್ಲಿ ಯಾಂಗೋನ್ ಬಳಿಯ ತಿಲಾವಾ ಬಂದರಿಗೆ ಬಂದು, ನಾಗರಿಕ ವಿಮಾನಗಳ ಹೆಸರಿನಲ್ಲಿ ಇಳಿದು, ಅಲ್ಲಿಂದ ವಾಯುನೆಲೆಗಳಿಗೆ ಹೋಗುತ್ತದೆ.

ಈ ಕಡತದ ಸ್ವರೂಪವೇ ಬೇರೆ. ಇಲ್ಲಿ ಸಾಕ್ಷಿಗಳ ಜಾಗದಲ್ಲಿ ಹಡಗುಗಳು ತಾವಿರುವ ಜಾಗ ತಿಳಿಸಲು ಬಿತ್ತರಿಸುವ ಸಂಕೇತಗಳ ದಾಖಲೆಗಳು, ಕಂಪನಿ ನೋಂದಣಿ ಪತ್ರಗಳು, ಕಸ್ಟಮ್ಸ್ ಅಂಕಿಗಳು. ಒಂದು ಟ್ಯಾಂಕರ್ ಸಿಂಗಪುರ ಬಿಟ್ಟು ಮಲಕ್ಕಾ ಜಲಸಂಧಿ ದಾಟಿ ಅಂಡಮಾನ್ ಸಮುದ್ರದಲ್ಲಿ ಸಂಕೇತ ಆರಿಸಿಕೊಂಡು ಕೆಲವು ದಿನಗಳ ಬಳಿಕ ಹಗುರವಾಗಿ, ಅಂದರೆ ನೀರಿನ ಮೇಲೆ ಹೆಚ್ಚು ಎತ್ತರಕ್ಕೆ ತೇಲುತ್ತಾ, ಮತ್ತೆ ಕಾಣಿಸಿಕೊಂಡರೆ ಅದು ಎಲ್ಲೋ ಸರಕು ಇಳಿಸಿದೆ ಎಂದು ಊಹಿಸಬಹುದು. ಊಹೆಯನ್ನು ಸಾಕ್ಷ್ಯವಾಗಿಸಲು ಬಂದರಿನ ಚಿತ್ರ ಬೇಕು, ಸರಕುಪಟ್ಟಿ ಬೇಕು. ನಾನು ಕಾನೂನು ವಿದ್ಯಾರ್ಥಿಯಾಗಿದ್ದಾಗ ಹಡಗಿನ ನೀರ್ಗೆರೆಯನ್ನು ಓದುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ. ನಮಗೆ ಸಿಕ್ಕಿದ್ದನ್ನು ಟಿಪ್ಪಣಿಯಾಗಿಸಿ ವಾಷಿಂಗ್ಟನ್, ಲಂಡನ್, ಒಟ್ಟಾವಾಗಳಿಗೆ ಒಟ್ಟಿಗೇ ಕೊಟ್ಟೆವು. ಒಂದೇ ರಾಜಧಾನಿಗೆ ಕೊಟ್ಟರೆ ಸರಕು ಇನ್ನೊಂದು ರಾಜಧಾನಿಯ ವಿಮೆಯ ಮೇಲೆ ಸಾಗುತ್ತದೆ.

2023ರ ಜನವರಿ 31ರಂದು, ದಂಗೆಯ ಎರಡನೆಯ ವಾರ್ಷಿಕದ ಹಿಂದಿನ ದಿನ, ಕೆನಡಾ ಮ್ಯಾನ್ಮಾರ್‌ಗೆ ವಿಮಾನ ಇಂಧನ ಮಾರುವುದನ್ನೂ ಸಾಗಿಸುವುದನ್ನೂ ನಿಷೇಧಿಸಿತು. ಅದೇ ದಿನ ಬ್ರಿಟನ್ ಇಂಧನ ಪೂರೈಕೆದಾರ ಸಂಸ್ಥೆಗಳನ್ನು ಪಟ್ಟಿಗೆ ಸೇರಿಸಿತು. ಮಾರ್ಚ್‌ನಲ್ಲಿ ಅಮೆರಿಕವೂ ಇಂಧನ ಪೂರೈಕೆದಾರರ ಮೇಲೆ ಕೈಯಿಟ್ಟಿತು, ಜೂನ್‌ನಲ್ಲಿ ಸೇನಾಡಳಿತ ವಿದೇಶಿ ವಿನಿಮಯಕ್ಕೆ ಬಳಸುತ್ತಿದ್ದ ಎರಡು ಸರ್ಕಾರಿ ಬ್ಯಾಂಕುಗಳನ್ನು ನಿರ್ಬಂಧಿಸಿತು, ಆಗಸ್ಟ್ 23ರಂದು ವಿಮಾನ ಇಂಧನದ ಇಡೀ ವಲಯವನ್ನೇ ನಿರ್ಬಂಧಕ್ಕೆ ಅರ್ಹವೆಂದು ಘೋಷಿಸಿತು. ಅಕ್ಟೋಬರ್ 31ರಂದು ಸರ್ಕಾರಿ ತೈಲ ಮತ್ತು ಅನಿಲ ಸಂಸ್ಥೆಗೆ ಅಮೆರಿಕನ್ನರು ಹಣಕಾಸು ಸೇವೆ ಕೊಡಬಾರದೆಂಬ ನಿರ್ದೇಶನ ಬಂತು. ಐರೋಪ್ಯ ಒಕ್ಕೂಟ ಈ ಕೆಲಸವನ್ನು 2022ರ ಫೆಬ್ರವರಿಯಲ್ಲೇ ಮಾಡಿ ಮುಗಿಸಿತ್ತು. ಇದರಲ್ಲಿ ಯಾವುದು ನಮ್ಮ ಟಿಪ್ಪಣಿಯಿಂದ ಆಯಿತು, ಯಾವುದು ಬೇರೆಯವರದರಿಂದ, ಯಾವುದು ಸರ್ಕಾರದ ಸ್ವಂತ ಮಾಹಿತಿಯಿಂದ ಎಂದು ತಿಳಿಯುವ ಉಪಾಯವಿಲ್ಲ. ಖಜಾನೆ ಇಲಾಖೆಯ ಪ್ರಕಟಣೆಯನ್ನು ನಾವು ಎಲ್ಲರಂತೆಯೇ ಬೆಳಿಗ್ಗೆ ಫೋನಿನಲ್ಲಿ ಓದುತ್ತೇವೆ. ಚಿನ್ ರಾಜ್ಯದ ನಮ್ಮ ಕಡತದಲ್ಲಿದ್ದ ಅಧಿಕಾರಿಯ ಹೆಸರು ಆ ಯಾವ ಪ್ರಕಟಣೆಯಲ್ಲೂ ಬರಲಿಲ್ಲ.

ಪರಿಣಾಮ ಏನೆಂದು ಕೇಳುವವರಿಗೆ ನಾನು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿ ಟಾಮ್ ಆಂಡ್ರ್ಯೂಸ್ ಕೊಟ್ಟ ಎರಡು ವರದಿಗಳನ್ನು ತೋರಿಸುತ್ತೇನೆ. ದಂಗೆಯ ನಂತರ ಸೇನೆ ಕನಿಷ್ಠ 100 ಕೋಟಿ ಡಾಲರ್ ಮೌಲ್ಯದ ಶಸ್ತ್ರಾಸ್ತ್ರ ಮತ್ತು ಸಾಮಗ್ರಿ ತರಿಸಿಕೊಂಡಿದೆ ಎಂದು 2023ರ ಮೇ ತಿಂಗಳ ವರದಿ ಲೆಕ್ಕ ಹಾಕಿತ್ತು: ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡ್‌ನಿಂದ 2.8 ಕೋಟಿ. ಮರುವರ್ಷದ ವರದಿಯ ಪ್ರಕಾರ ಬ್ಯಾಂಕುಗಳ ಮೂಲಕ ನಡೆದ ಸೇನೆಯ ಖರೀದಿ ಒಂದು ವರ್ಷದಲ್ಲಿ 37.7 ಕೋಟಿ ಡಾಲರ್‌ನಿಂದ 25.3 ಕೋಟಿಗೆ ಇಳಿದಿತ್ತು; ಸಿಂಗಪುರ ಸರ್ಕಾರ ತನಿಖೆಗೆ ಇಳಿದದ್ದೇ ಅಲ್ಲಿಂದ ಹೋಗುತ್ತಿದ್ದ ಸರಕು ಸುಮಾರು ಶೇ. 90ರಷ್ಟು ಕುಸಿದಿತ್ತು. ಅದೇ ಹೊತ್ತಿಗೆ ಥಾಯ್ಲೆಂಡ್‌ನಲ್ಲಿ ನೋಂದಾಯಿತ ಕಂಪನಿಗಳ ಪೂರೈಕೆ ಇಮ್ಮಡಿಯಾಗಿತ್ತು. ಇಂಧನದ ಕಥೆಯೂ ಅದೇ. ನೇರ ಮಾರಾಟ ಕಷ್ಟವಾದಾಗ ಸರಕು ಕೈಯಿಂದ ಕೈಗೆ ಮರುಮಾರಾಟವಾಗುತ್ತಾ ವಿಯೆಟ್ನಾಂನ ಕಾಯ್ ಮೆಪ್ ಸಂಗ್ರಹಾಗಾರದ ಮೂಲಕ ಹೋಗತೊಡಗಿದ್ದನ್ನು ಆಮ್ನೆಸ್ಟಿ 2024ರ ಆರಂಭದಲ್ಲಿ ತೋರಿಸಿತು. ನಾವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ. ಆದರೆ ಹಾಗೆ ತೂರಲು ದಲ್ಲಾಳಿಗೆ ಕೊಡಬೇಕಾದ ಪಾಲು, ಹೆಚ್ಚಿನ ಬಾಡಿಗೆ, ತಡವಾಗಿ ಸಿಗುವ ಸರಕು ಇವೆಲ್ಲ ಸೇನೆಯ ತಲೆಯ ಮೇಲೇ ಬೀಳುವ ವೆಚ್ಚ. ನಿರ್ಬಂಧದಿಂದ ಸಾಧ್ಯವಾಗುವುದು ಅಷ್ಟು. ಅದನ್ನು ಕಡಿಮೆಯೆಂದು ನಾನು ಭಾವಿಸುವುದಿಲ್ಲ.

ಭಾರತದ 5.1 ಕೋಟಿ ಡಾಲರ್‌ನ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಒಂದು ಮಾತು ಸೇರಿಸಲೇಬೇಕು. ಆ ವರದಿ ಹೆಸರಿಸಿದ ಸಾರ್ವಜನಿಕ ವಲಯದ ರಕ್ಷಣಾ ಉದ್ಯಮಗಳಲ್ಲಿ ಒಂದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅದನ್ನು ಪ್ರಶ್ನಿಸಲು ನಮ್ಮ ದೇಶದಲ್ಲಿ ನಾನು ಇಲ್ಲಿ ಬಳಸುವಂಥ ಕಾನೂನಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಿಧಿಸಿದ ನಿರ್ಬಂಧಗಳನ್ನು 1947ರ ಕಾಯ್ದೆಯ ಮೂಲಕ ಭಾರತ ಜಾರಿಗೊಳಿಸುತ್ತದೆ, ಬೇರೊಂದು ದೇಶ ಅಥವಾ ಒಕ್ಕೂಟ ಏಕಪಕ್ಷೀಯವಾಗಿ ಹೇರಿದ್ದನ್ನು ಮಾನ್ಯ ಮಾಡುವುದಿಲ್ಲ. ಭದ್ರತಾ ಮಂಡಳಿಯಲ್ಲಿ ಚೀನಾ, ರಷ್ಯಾಗಳ ವೀಟೋ ಭಯದಿಂದ ಮ್ಯಾನ್ಮಾರ್ ಮೇಲೆ ಶಸ್ತ್ರ ನಿಷೇಧ ಬಂದೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ಹಿಂಸೆ ನಿಲ್ಲಿಸಿ ಎಂದಷ್ಟೇ ಕೇಳಿದ 2669ನೆಯ ನಿರ್ಣಯ 12 ಮತಗಳಿಂದ ಅಂಗೀಕಾರವಾದಾಗಲೂ ಆ ಎರಡು ದೇಶಗಳ ಜೊತೆಗೆ ಭಾರತ ಮತದಾನದಿಂದ ದೂರ ಉಳಿಯಿತು. ಮ್ಯಾನ್ಮಾರ್‌ನೊಂದಿಗೆ 1,643 ಕಿಲೋಮೀಟರ್ ಗಡಿ, ಈಶಾನ್ಯದ ಬಂಡುಕೋರರ ಸಮಸ್ಯೆ, ಚೀನಾದ ಪ್ರಭಾವ ಎಂದು ದೆಹಲಿ ಕೊಡುವ ಕಾರಣಗಳು ಪೊಳ್ಳಲ್ಲ. ಆದರೆ ಚಂಫಾಯ್‌ಗೆ ಓಡಿಬಂದವರ ಊರಿನ ಮೇಲೆ ಬಿದ್ದ ಗುಂಡುಗಳನ್ನು ಸಿಡಿಸಿದ ಸೇನೆಗೆ ಅವರಿಗೆ ಆಸರೆಯಾದ ನಮ್ಮದೇ ದೇಶದಿಂದ ಸಾಮಗ್ರಿ ಹೋಗುತ್ತದೆ ಎಂಬುದನ್ನು ಬೆಂಗಳೂರಿನ ತೆರಿಗೆದಾರರಾದರೂ ಕೇಳಬೇಕಲ್ಲವೇ?

ಪಟ್ಟಿಗೆ ಸೇರಿಸುವುದಕ್ಕೆ ಇರುವ ದಾರಿ ಇಳಿಸುವುದಕ್ಕೂ ಇದೆ. ಅದು ಇನ್ನೂ ಸಪ್ಪಳವಿಲ್ಲದ ದಾರಿ. ಕಾಂಗೋ ಗಣಿಗಳ ವ್ಯವಹಾರದಲ್ಲಿ ಭ್ರಷ್ಟಾಚಾರದ ಆರೋಪದಿಂದ 2017ರಲ್ಲಿ ನಿರ್ಬಂಧಿತನಾದ ಉದ್ಯಮಿ ಡ್ಯಾನ್ ಗರ್ಟ್ಲರ್‌ಗೆ, ಟ್ರಂಪ್ ಅವರ ಮೊದಲ ಅವಧಿಯ ಕೊನೆಯ ದಿನಗಳಲ್ಲಿ ನಿರ್ಬಂಧದ ನಡುವೆಯೂ ವ್ಯವಹರಿಸಲು ಗುಟ್ಟಾಗಿ ಪರವಾನಗಿ ಕೊಟ್ಟು, 2021ರ ಮಾರ್ಚ್‌ನಲ್ಲಿ ಬೈಡನ್ ಸರ್ಕಾರ ಅದನ್ನು ಹಿಂತೆಗೆದುಕೊಂಡಿದ್ದನ್ನು ಕೇಳಿ ಬಲ್ಲೆವು. 2025ರ ಜುಲೈನಲ್ಲಿ ನಮ್ಮ ಸರದಿ ಬಂತು. ಮಿನ್ ಆಂಗ್ ಹ್ಲೈಂಗ್ ಅವರು ಟ್ರಂಪ್ ಅವರನ್ನು ಹೊಗಳಿ, ನಿರ್ಬಂಧ ಸಡಿಲಿಸಿ ಎಂದು ಪತ್ರ ಬರೆದ ಎರಡು ವಾರಗಳಲ್ಲಿ, ಸೇನೆಗೆ ಹತ್ತಿರದವರೆಂದು ಹಿಂದೆ ಅದೇ ಖಜಾನೆ ಇಲಾಖೆ ಗುರುತಿಸಿದ್ದ ಕೆಲವು ಉದ್ಯಮಿಗಳು ಮತ್ತು ಅವರ ಕಂಪನಿಗಳ ಹೆಸರು ಪಟ್ಟಿಯಿಂದ ಇಳಿದವು. ಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅಧಿಕಾರಿಗಳು ಹೇಳಿದರು. ಇಳಿಸಿದ ಕಾರಣವನ್ನು ಪ್ರಕಟಣೆ ತಿಳಿಸಲಿಲ್ಲ. ನಮ್ಮ ಕಡತಗಳಲ್ಲಿ ಅಮೆರಿಕದ ಹಿತ ಎಂದು ಬರೆದ ಆ ಎರಡು ಪುಟಗಳನ್ನು ಈಗ ಬೇರೆ ಯಾರೋ ಬೇರೆ ರೀತಿಯಲ್ಲಿ ಬರೆದಿದ್ದಾರೆ ಎಂದಷ್ಟೇ ನಾನು ತಿಳಿದುಕೊಂಡೆ.

ಹಾಗಾಗಿ ಈಗ ನಮ್ಮ ಹೆಚ್ಚಿನ ಕೆಲಸ ಬ್ರಸೆಲ್ಸ್, ಲಂಡನ್, ಒಟ್ಟಾವಾ, ಕ್ಯಾನ್‌ಬೆರಾ ಕಡೆಗೆ ತಿರುಗಿದೆ. ಬ್ರಿಟನ್ 2020ರ ಜುಲೈನಲ್ಲಿ, ಐರೋಪ್ಯ ಒಕ್ಕೂಟ ಅದೇ ಡಿಸೆಂಬರ್‌ನಲ್ಲಿ, ಆಸ್ಟ್ರೇಲಿಯಾ 2021ರ ಡಿಸೆಂಬರ್‌ನಲ್ಲಿ ಇಂಥದೇ ಕಾನೂನು ಮಾಡಿಕೊಂಡಿವೆ. ಕೆನಡಾದಲ್ಲಿ 2017ರಿಂದ ಇದೆ. ಒಂದೊಂದರ ಸಾಕ್ಷ್ಯದ ಮಟ್ಟ ಬೇರೆ. ಐರೋಪ್ಯ ಒಕ್ಕೂಟದಲ್ಲಿ ಎಲ್ಲ 27 ದೇಶಗಳೂ ಒಪ್ಪಬೇಕು, ಮತ್ತು ನಿರ್ಬಂಧಿತರು ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯಕ್ಕೆ ಹೋಗಬಹುದಾದ್ದರಿಂದ ಪ್ರತಿ ಆರೋಪಕ್ಕೂ ಬಹಿರಂಗವಾಗಿ ತೋರಿಸಬಲ್ಲ ಆಧಾರ ಬೇಕು. ತಾಂತ್‌ಲಾಂಗ್ ಕಡತವನ್ನು ಆ ಅಳತೆಗೆ ಮತ್ತೆ ಹೊಲಿಯುತ್ತಿದ್ದೇವೆ. ಮುಚ್ಚಿಟ್ಟಿದ್ದ ಹೇಳಿಕೆಗಳಲ್ಲಿ ಯಾವುದನ್ನು ತೆರೆಯಬಹುದು ಎಂದು ಪ್ರತಿಯೊಬ್ಬ ಸಾಕ್ಷಿಯನ್ನೂ ಹೊಸದಾಗಿ ಕೇಳಬೇಕಾಗಿದೆ. ಮಾಸ್ತರರು ಈಗ ಐಜಾಲ್‌ನಲ್ಲಿದ್ದಾರೆ. ಅವರ ಒಪ್ಪಿಗೆ ಬಂದಿದೆ, ಇನ್ನಿಬ್ಬರದು ಬರಬೇಕು.